ಗಾಡಿ ಯಾಕೆ ಇಷ್ಟು ಪೆಟ್ರೋಲು ಕುಡಿಯುತ್ತೆ?

ಈಗ ಬಹಳ ಮನೆಗಳಲ್ಲಿ ಗಾಡಿ ಇದೆ. ಸಂತೆಗೆ ಗಾಡಿ ಬೇಕು. ಆಸ್ಪತ್ರೆಗೆ ಗಾಡಿ ಬೇಕು. ಧರ್ಮಸ್ಥಳಕ್ಕೋ ಮಂತ್ರಾಲಯಕ್ಕೋ ಗಂಡ ಹೆಂಡತಿ ಗಾಡಿಯಲ್ಲೇ ಹೊರಡುತ್ತಾರೆ. ಹೊರಡುವಾಗ ಟ್ಯಾಂಕು ತುಂಬಿಸ್ತೀವಿ. ಅರ್ಧ ದಾರಿಗೆ ಮತ್ತೆ ಬಂಕು ಹುಡುಕಬೇಕು.

"ಗಾಡಿ ಹಳೇದಾಯ್ತು, ಮಾರಿ ಹೊಸದು ತಗೊಳ್ಳೋಣ" ಅಂತ ಮನೆಯಲ್ಲಿ ಮಾತು ಬರುತ್ತೆ. ಹೊಸ ಗಾಡಿ ಅಂದರೆ ಸಾಲ. ಆ ಸಾಲಕ್ಕೆ ಸಂಘದಲ್ಲಿ ಸಹಿ ಹಾಕೋರು ಯಾರು? ಕಂತು ಕಟ್ಟೋರು ಯಾರು? ನಾವೇ ತಾನೆ? ಅಕ್ಕಂದಿರೇ, ಮಾರುವ ಮುಂಚೆ ಸ್ವಲ್ಪ ನೋಡೋಣ.

ಮೊದಲು ಲೆಕ್ಕ. ಲೆಕ್ಕ ಇಲ್ಲದಿದ್ದರೆ ಅದು ಬರೀ ಗುಮಾನಿ. ಗಾಡಿಯ ಮುಂದೆ ಮೀಟರಿದೆ. ಗಾಡಿ ಎಷ್ಟು ಕಿಲೋಮೀಟರ್ ಓಡಿದೆ ಅಂತ ಅದರಲ್ಲಿ ಅಂಕಿ ಕಾಣುತ್ತೆ. ಟ್ಯಾಂಕು ಪೂರ್ತಿ ತುಂಬಿಸಿ. ಆ ಅಂಕಿಯನ್ನು ಬರೆದಿಡಿ. 12,400 ಇದೆ ಅನ್ನಿ. ಕೆಲವು ದಿನ ಓಡಿದ ಮೇಲೆ ಅದೇ ಬಂಕಿನಲ್ಲಿ, ಅದೇ ಮಟ್ಟಕ್ಕೆ ತುಂಬಿಸಿ. ಈಗ ಮೀಟರಿನಲ್ಲಿ 12,625. ಹಾಕಿಸಿದ್ದು 5 ಲೀಟರ್. ಅಂದರೆ 225 ಕಿಲೋಮೀಟರಿಗೆ 5 ಲೀಟರ್. ಭಾಗಿಸಿದರೆ ಲೀಟರಿಗೆ 45 ಕಿಲೋಮೀಟರ್ ಬಂತು.

ಇದೇ ಗಾಡಿ ಮೊದಲು 60 ಕೊಡುತ್ತಿತ್ತು ಅನ್ನಿ. ತಿಂಗಳಿಗೆ 600 ಕಿಲೋಮೀಟರ್ ಓಡಿಸೋರಿಗೆ ಆಗ 10 ಲೀಟರ್ ಸಾಕಿತ್ತು. ಈಗ 13 ಲೀಟರಿಗೂ ಮೇಲೆ ಬೇಕು. ಲೀಟರಿಗೆ 100 ರೂಪಾಯಿ ಅಂತ ಹಿಡಿದರೂ ತಿಂಗಳಿಗೆ 300 ರೂಪಾಯಿಗಿಂತ ಹೆಚ್ಚು ಹೋಯಿತು. ವರ್ಷಕ್ಕೆ ಸುಮಾರು 4,000. ಕಮ್ಮಿ ದುಡ್ಡಲ್ಲ.

ಈಗ ಕಾರಣ ಹುಡುಕೋಣ. ದುಡ್ಡು ಖರ್ಚಾಗದ ಕಡೆಯಿಂದ ಶುರು ಮಾಡೋಣ.

ಗಾಳಿ ಕಮ್ಮಿ ಇರುವ ಸೈಕಲ್ ತುಳಿದು ನೋಡಿದ್ದೀರಾ? ಕಾಲು ಸೋತು ಹೋಗುತ್ತೆ. ಎಂಜಿನ್ನಿಗೂ ಹಾಗೇ. ಬೆರಳಲ್ಲಿ ಒತ್ತಿ ನೋಡಿದರೆ ಗಾಳಿ ಎಷ್ಟಿದೆ ಅಂತ ಸರಿಯಾಗಿ ತಿಳಿಯಲ್ಲ. ಅಳತೆ ಇಟ್ಟು ನೋಡಬೇಕು. ಎಷ್ಟಿರಬೇಕು ಅಂತ ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿದೆ. ಕೆಲವು ಗಾಡಿಗಳಲ್ಲಿ ಚೈನಿನ ಮುಚ್ಚಳದ ಮೇಲೂ ಚೀಟಿ ಅಂಟಿಸಿರುತ್ತಾರೆ. ಸಾಮಾನ್ಯ ಗಾಡಿಗಳಲ್ಲಿ ಮುಂದಿನ ಚಕ್ರಕ್ಕೆ 25ರ ಆಸುಪಾಸು ಇರುತ್ತೆ. ಹಿಂದಿನದಕ್ಕೆ ಒಬ್ಬರಿದ್ದರೆ 28ರ ಆಸುಪಾಸು. ಇಬ್ಬರು ಕೂತರೆ ಇನ್ನೂ ಜಾಸ್ತಿ ಬೇಕು. ಹಿಂದೆ ಕೂರೋರು ನಾವು. ನಮ್ಮ ಮಡಿಲಲ್ಲಿ ಮಗು, ಕೈಯಲ್ಲಿ ಚೀಲ. ಆದರೂ ಒಬ್ಬರ ಲೆಕ್ಕದ ಗಾಳಿಯಲ್ಲೇ ದೂರದ ಊರಿಗೆ ಹೊರಟುಬಿಡ್ತಾರೆ! ಬೆಳಿಗ್ಗೆ ಹೊರಡುವ ಮುಂಚೆ, ಟೈರು ತಣ್ಣಗಿರುವಾಗಲೇ ಗಾಳಿ ನೋಡಿಸಿ.

ಆಮೇಲೆ ಬ್ರೇಕು. ಎಂಜಿನ್ ನಿಲ್ಲಿಸಿ, ಗೇರು ನ್ಯೂಟ್ರಲ್‌ನಲ್ಲಿಟ್ಟು, ಡಬಲ್ ಸ್ಟ್ಯಾಂಡ್ ಹಾಕಿ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಚೈನಿನಿಂದ ಬೆರಳು ದೂರ ಇರಲಿ. ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ. ಸಲೀಸಾಗಿ ತಿರುಗಬೇಕು. ಗಕ್ಕನೆ ನಿಂತರೆ ಬ್ರೇಕು ಚಕ್ರವನ್ನು ಹಿಡಿದುಕೊಂಡಿದೆ. ಒಂದು ಕಡೆ ಎಳೆಯೋದು, ಇನ್ನೊಂದು ಕಡೆ ಹಿಡಿಯೋದು. ಪೆಟ್ರೋಲು ಉಳಿಯೋದು ಹೇಗೆ? ಕೆಲವರು ಕಾಲನ್ನು ಬ್ರೇಕಿನ ಮೇಲೇ ಇಟ್ಟು ಓಡಿಸ್ತಾರೆ. ಹಿಂದೆ ಕೂತು ಗಮನಿಸಿ. ಚೈನು ಒಣಗಿದ್ದರೆ, ಅತಿ ಬಿಗಿ ಇದ್ದರೆ ಅದೂ ನಷ್ಟವೇ.

ಇನ್ನು ಏರ್ ಫಿಲ್ಟರ್. ಒಲೆಗೆ ಗಾಳಿ ಆಡದಿದ್ದರೆ ಏನಾಗುತ್ತೆ? ಹೊಗೆ ಬರುತ್ತೆ, ಪಾತ್ರೆಗೆ ಮಸಿ ಹಿಡಿಯುತ್ತೆ, ಸೌದೆ ದಂಡ. ನಾವು ಊದುಕೊಳವೆ ತಗೋತೀವಿ. ಗಾಡಿಯಲ್ಲೂ ಪೆಟ್ರೋಲು ಉರಿಯಲು ಗಾಳಿ ಬೇಕು. ಆ ಗಾಳಿಯ ಧೂಳು ಸೋಸುವ ಜರಡಿಯೇ ಏರ್ ಫಿಲ್ಟರ್. ನಮ್ಮ ಮಣ್ಣು ರಸ್ತೆಯಲ್ಲಿ ಅದು ಬೇಗ ಕಟ್ಟಿಕೊಳ್ಳುತ್ತೆ. ಸ್ಪಂಜಿನದಾದರೆ ತೊಳೆದು ಹಾಕಬಹುದು. ಕಾಗದದ್ದನ್ನು ತೊಳೆಯಬಾರದು, ಬದಲಿಸಬೇಕು. ಹೊಗೆ ಕಪ್ಪಾಗಿ ಬರುತ್ತಿದ್ದರೆ, ಪ್ಲಗ್ಗಿನ ತುದಿಗೆ ಮಸಿ ಹಿಡಿದಿದ್ದರೆ ಪೆಟ್ರೋಲು ಸರಿಯಾಗಿ ಉರಿಯುತ್ತಿಲ್ಲ ಅಂತ ತಿಳೀರಿ. ಪ್ಲಗ್ಗಿನ ತುದಿ ತಿಳಿ ಕಂದು ಬಣ್ಣ ಇರಬೇಕು. ಹಳೇ ಗಾಡಿಯಲ್ಲಿ ಚೋಕು ಎಳೆದು ಹಾಗೇ ಮರೆತಿದ್ದರೂ ಇದೇ ಕಥೆ.

ಹಳೇ ಗಾಡಿಯ ಕಾರ್ಬುರೇಟರ್ ಅನ್ನು ಮೆಕ್ಯಾನಿಕ್ ಸ್ಕ್ರೂ ತಿರುಗಿಸಿ ಸರಿ ಮಾಡ್ತಾರೆ. 2020ರ ಏಪ್ರಿಲ್‌ನಿಂದ ಮಾರಾಟಕ್ಕೆ ಬಂದ ಬಹುತೇಕ ಹೊಸ ಗಾಡಿಗಳಲ್ಲಿ ಕಾರ್ಬುರೇಟರ್ ಇಲ್ಲ. ಸಣ್ಣ ಕಂಪ್ಯೂಟರೇ ಅಳತೆ ಮಾಡಿ ಪೆಟ್ರೋಲು ಬಿಡುತ್ತೆ. ಅಂಥ ಗಾಡಿಗೂ "ಸ್ಕ್ರೂ ತಿರುಗಿಸಿ ಮೈಲೇಜು ಜಾಸ್ತಿ ಮಾಡ್ತೀನಿ, 200 ಕೊಡಿ" ಅಂದರೆ ಕೊಡಬೇಡಿ.

ಗಾಡಿ ನಿಲ್ಲಿಸಿದ ಜಾಗದಲ್ಲಿ ಪೆಟ್ರೋಲು ವಾಸನೆ ಬಂದರೆ ಎಲ್ಲೋ ಸೋರುತ್ತಿರಬಹುದು. ಇದನ್ನು ಅವತ್ತೇ ಸರಿ ಮಾಡಿಸಬೇಕು. ಅಲ್ಲಿ ಕಡ್ಡಿ ಗೀರಬೇಡಿ, ದೀಪ ತರಬೇಡಿ.

ಎಲ್ಲವೂ ಗಾಡಿಯ ತಪ್ಪಲ್ಲ. ಚಾರ್ಮಾಡಿ ಘಾಟಿಯಂಥ ಏರು ಹತ್ತುವಾಗ ಪೆಟ್ರೋಲು ಹೆಚ್ಚು ಬೇಕೇ ಬೇಕು. ಇಳಿಯುವಾಗ ಉಳಿಸ್ತೀನಿ ಅಂತ ಎಂಜಿನ್ ಆಫ್ ಮಾಡೋರಿದ್ದಾರೆ. ಬೇಡ ಅನ್ನಿ. ಗೇರಿನಲ್ಲಿದ್ದರೆ ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯುತ್ತೆ. ನೇರ ರಸ್ತೆಯಲ್ಲಿ ವೇಗ ಏರಿದಷ್ಟೂ ಎದುರು ಗಾಳಿ ಜೋರಾಗಿ ತಳ್ಳುತ್ತೆ. 80ರಲ್ಲಿ ಹೋಗೋ ಬದಲು 50ರಲ್ಲಿ ಹೋದರೆ ಉಳಿತಾಯ ಕಣ್ಣಿಗೆ ಕಾಣುತ್ತೆ.

ಇನ್ನೊಂದು ವಿಷಯ. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ 100ಕ್ಕೆ 20 ಪಾಲು ಎಥನಾಲ್ ಬೆರೆಸುವುದು ಶುರುವಾಯಿತು. ಎಥನಾಲನ್ನು ಕಬ್ಬು, ಮೆಕ್ಕೆಜೋಳ, ಅಕ್ಕಿಯಿಂದ ಮಾಡ್ತಾರೆ. ಪೆಟ್ರೋಲಿಗಿಂತ ಅದರ ಕಸುವು ಕಮ್ಮಿ. ಹಾಗಾಗಿ ಮೈಲೇಜು ಸ್ವಲ್ಪ ಇಳಿಯಬಹುದು. ಆದರೆ 60 ಇದ್ದದ್ದು 45ಕ್ಕೆ ಬಂದರೆ ಅದಕ್ಕೆ ಎಥನಾಲ್ ಒಂದೇ ಕಾರಣ ಅಲ್ಲ.

ಬಂಕಿನ ಅಳತೆ ಮೇಲೇ ಅನುಮಾನ ಇದ್ದರೆ? ಹಾಕುವ ಮುಂಚೆ ಯಂತ್ರದಲ್ಲಿ ಸೊನ್ನೆ ಇದೆಯಾ ನೋಡಿ. ಬಂಕಿನಲ್ಲಿ ಮುದ್ರೆ ಒತ್ತಿದ 5 ಲೀಟರಿನ ಅಳತೆ ಪಾತ್ರೆ ಇರಲೇಬೇಕು. "ಅಳೆದು ತೋರಿಸಿ" ಅಂತ ಕೇಳುವ ಹಕ್ಕು ನಮಗಿದೆ. ತೋರಿಸದಿದ್ದರೆ, ಅಥವಾ ಅಳತೆ ಕಮ್ಮಿ ಬಂದರೆ ಕಾನೂನು ಮಾಪನ ಇಲಾಖೆಗೆ ದೂರು ಕೊಡಬಹುದು. ದೂರಿಗೆ ರಸೀತಿ ಬೇಕಾಗುತ್ತೆ. ಕೇಳಿ ತಗೊಂಡು, ದಿನಾಂಕ ಓದಿ ನೋಡಿ ಇಟ್ಟುಕೊಳ್ಳಿ.