ಹಳೆಯ ಸಿನಿಮಾ ಮನಸ್ಸಿಗೆ ಮದ್ದೇ?

ನೋಡಿದ ಸಿನಿಮಾವನ್ನೇ ಮತ್ತೆ ನೋಡುವುದು ಹುಚ್ಚೇ? ಹೊಡೆದಾಟ ಯಾವಾಗ ಬರುತ್ತದೆ, ಖಳನಾಯಕ ಎಲ್ಲಿ ಸಿಕ್ಕಿಬೀಳುತ್ತಾನೆ ಎಂಬುದೆಲ್ಲ ಬಾಯಿಪಾಠವಾಗಿದ್ದರೂ ‘ಗಂಧದ ಗುಡಿ’ (1973) ಟಿ.ವಿ.ಯಲ್ಲಿ ಬಂತೆಂದರೆ ನೀವು ಚಾನೆಲ್ ಬದಲಿಸುವುದಿಲ್ಲ. ಮನೆಯವರು ನಗುತ್ತಾರೆ. ನಗಲಿ ಬಿಡಿ. ಈ ಅಭ್ಯಾಸದಿಂದ ಆರೋಗ್ಯಕ್ಕೆ ಒಳ್ಳೆಯದೂ ಇದೆ, ಸ್ವಲ್ಪ ಎಚ್ಚರವೂ ಬೇಕು.

ಗದಗ ಜಿಲ್ಲೆಯ ನರೇಗಲ್, ಗಜೇಂದ್ರಗಡ, ರೋಣದ ಸುತ್ತಿನ ಊರುಗಳಲ್ಲಿ ಬೆಳೆದು ಈಗ ಐವತ್ತು ದಾಟಿದವರಿಗೆ ಸಿನಿಮಾ ಎಂದರೆ ಇಡೀ ಮನೆಯ ಹಬ್ಬ. ಟೂರಿಂಗ್ ಟಾಕೀಸಿನ ಟೆಂಟು, ಓಣಿಗೊಂದೇ ಟಿ.ವಿ., ಉಡಿಯಲ್ಲಿ ಶೇಂಗಾ, ಪಕ್ಕದಲ್ಲಿ ಅಪ್ಪ, ಅವ್ವ, ಅಜ್ಜಿ. ಹೀಗಾಗಿ ಮತ್ತೆ ನೋಡುವಾಗ ನೆನಪಾಗುವುದು ನಾಯಕ ಮಾತ್ರವಲ್ಲ, ಅಂದು ಜೊತೆಗೆ ಕುಳಿತವರೂ.

ಸ್ವಿಟ್ಜರ್ಲೆಂಡಿನ ಯೋಹಾನೆಸ್ ಹೋಫರ್ 1688ರಲ್ಲಿ ಇಂಥ ಹಂಬಲಕ್ಕೆ ‘ನಾಸ್ಟಾಲ್ಜಿಯಾ’ ಎಂದು ಹೆಸರಿಟ್ಟು, ಅದನ್ನು ಕಾಯಿಲೆಯೆಂದೇ ಬಗೆದ. ಇಂದಿನ ಮನಃಶಾಸ್ತ್ರ ಹಾಗೆ ಹೇಳುವುದಿಲ್ಲ. ಹೊಡೆದಾಟದ ದೃಶ್ಯದಲ್ಲಿ ಎದೆಬಡಿತ ಏರಬಹುದು. ಆದರೆ ಕೊನೆ ಗೊತ್ತಿರುವುದರಿಂದ ಆತಂಕ ಕಾಡುವುದಿಲ್ಲ. ದಣಿದ ಮನಸ್ಸಿಗೆ ಅದೇ ಒಂದು ವಿಶ್ರಾಂತಿ.

ಸಿನಿಮಾ ಅದೇ, ನೋಡುವ ನೀವು ಬೇರೆ. ಧುತ್ತರಗಿಯವರ ನಾಟಕವನ್ನು ಆಧರಿಸಿದ ‘ಸಂಪತ್ತಿಗೆ ಸವಾಲ್’ (1974) ನೋಡಿದಾಗ ಬಾಲ್ಯದಲ್ಲಿ ಕಂಡದ್ದು ಎಮ್ಮೆಯೇರಿ ಹಾಡುವ ರಾಜಕುಮಾರ್. ಈಗ ಕಾಣುವುದು ಸಾಹುಕಾರನ ದರ್ಪದೆದುರು ಬಡ ಮನೆತನದ ಪಾಡು. ಸಾಲ, ಬೆಳೆ, ಮಕ್ಕಳ ಫೀಸು ಎಂದು ನೀವೇ ಹೆಣಗಿದ ಮೇಲೆ, ಅಂದು ಪಕ್ಕದಲ್ಲಿ ಕುಳಿತ ಅಪ್ಪ ಏಕೆ ಸುಮ್ಮನಿದ್ದರು ಎಂಬುದೂ ಅರ್ಥವಾಗುತ್ತದೆ.

‘ಸಾಂಗ್ಲಿಯಾನ’ (1988) ನೋಡಿ. ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ 35 ವರ್ಷ. ಅಂದು ಅಣ್ಣನಂತೆ ಕಂಡವರಿಗಿಂತ ಇಂದು ನೀವೇ ಹಿರಿಯರು. ಕಣ್ಣು ಒದ್ದೆಯಾದರೆ ನಾಚಬೇಡಿ. ಅದು ರೋಗವಲ್ಲ.

ಹಿರಿಯರಿದ್ದರೆ

ವೃದ್ಧರು ಹಳೆಯದನ್ನೇ ಹೇಳುತ್ತಾರೆಂದು ಬೇಸರಪಡಬೇಡಿ. ಅದು ಬದುಕನ್ನು ತಿರುಗಿ ನೋಡುವ ಸಹಜ ಕ್ರಿಯೆ ಎಂದು ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ಬರೆದರು. ಮರೆವಿನ ರೋಗದಲ್ಲಿ ಬೆಳಗಿನ ತಿಂಡಿ ಮರೆತವರಿಗೂ ಹರೆಯದ ನೆನಪು ಉಳಿದಿರಬಹುದು. ಹಳೆಯ ಸಿನಿಮಾ ರೋಗ ಗುಣಪಡಿಸದು. ಮಾತಿಗೆ ದಾರಿ ಮಾಡಿಕೊಟ್ಟೀತು. ಅರ್ಧ ಗಂಟೆ ತೋರಿಸಿ, ಆಮೇಲೆ ಕೇಳಿ: ‘ಇದನ್ನ ಯಾರ ಜೋಡಿ ನೋಡಿದ್ದಿ ಅಪ್ಪಾ?’ ‘ನೆನಪಿಲ್ಲೇನು?’ ಎಂದು ಪರೀಕ್ಷೆ ಮಾಡಬೇಡಿ. ಅವರು ಟಿ.ವಿ. ದನಿ ಏರಿಸುತ್ತಲೇ ಇದ್ದರೆ, ಅಥವಾ ನೋಡುವುದನ್ನೇ ಬಿಟ್ಟಿದ್ದರೆ, ಒಮ್ಮೆ ಕಿವಿ, ಕಣ್ಣು ತೋರಿಸಿ.

ಇವು ನೆನಪಿರಲಿ

ಮಧ್ಯಂತರವನ್ನು ಮರಳಿ ತನ್ನಿ. ಎರಡೂವರೆ ತಾಸು ಒಂದೇ ಕಡೆ ಕೂರದೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ನಡುರಾತ್ರಿಯವರೆಗೆ ಒಬ್ಬರೇ ಮೊಬೈಲಿನಲ್ಲಿ ನೋಡುತ್ತ ನಿದ್ದೆಗೆಡಬೇಡಿ. ತೆರೆಯ ಮೇಲೆ ಸಿಗರೇಟು, ಹೊಡೆತ ಬಂದರೆ ಮಕ್ಕಳಿಗೆ ಅದು ನಟನೆಯೆಂದೂ, ನಿಜ ಜೀವನದಲ್ಲಿ ಎರಡೂ ಹಾನಿಯೆಂದೂ ತಿಳಿಸಿ.

ಹಳೆಯ ದಿನಗಳೇ ಚೆಂದ, ಈಗೇನೂ ಬೇಡ ಎಂಬ ಭಾವ, ದುಃಖ, ನಿದ್ದೆಗೇಡು, ಊಟ ಸೇರದಿರುವುದು ಎರಡು ವಾರ ಮೀರಿದರೆ ಅದು ಖಿನ್ನತೆ ಇರಬಹುದು. ವೈದ್ಯರನ್ನು ಕಾಣಿ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು.

ಉಳಿದಂತೆ, ಈ ಮದ್ದನ್ನು ಒಬ್ಬರೇ ಸೇವಿಸಬೇಡಿ. ಬರುವ ಭಾನುವಾರ ಮಕ್ಕಳನ್ನೂ ಹಿರಿಯರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ನಾಳೆ ಅವರ ನೆನಪಿನಲ್ಲಿ ಉಳಿಯುವುದು ಹೊಡೆದಾಟವಲ್ಲ, ನೀವು ಜೊತೆಗಿದ್ದಿರಿ ಎಂಬುದು.