ಗಾಳಿ ಕಡಲಿನದು, ನೀರು ಕೂಕಟ್‌ಪಲ್ಲಿಯದು

ಕೆಪಿಎಚ್‌ಬಿ ಕಾಲೊನಿಯ ಮನೆಗಳು, ಜೆಎನ್‌ಟಿಯು ವಿಶ್ವವಿದ್ಯಾಲಯ, ತಲೆಯ ಮೇಲೆ ಓಡುವ ಮೆಟ್ರೊ. ಹೈದರಾಬಾದಿನ ಕೂಕಟ್‌ಪಲ್ಲಿ ಎಂದೊಡನೆ ನೆನಪಾಗುವುದು ಇವೇ. ಕಡಲು ಇಲ್ಲಿಂದ ನೂರಾರು ಕಿಲೋಮೀಟರ್ ದೂರ. ಆದರೂ ಈ ಬಡಾವಣೆಯ ನಾಲೆ ಹೋಗಿ ಸೇರುವ ಹುಸೇನ್ ಸಾಗರದಲ್ಲಿ ಮಳೆಗಾಲ ಬಂತೆಂದರೆ ಹಾಯಿದೋಣಿಗಳ ಜಾತ್ರೆ ನೆರೆಯುತ್ತದೆ. ಸಾಮಾನ್ಯವಾಗಿ ಜುಲೈನಲ್ಲಿ ನಡೆಯುವ ‘ಹೈದರಾಬಾದ್ ಸೇಲಿಂಗ್ ವೀಕ್’ಗೆ ದೇಶದ ನಾನಾ ಕಡೆಯ ನಾವಿಕರು ಬರುತ್ತಾರೆ.

ಗೋಲ್ಕೊಂಡದ ಸುಲ್ತಾನ ಇಬ್ರಾಹಿಂ ಕುಲಿ ಕುತುಬ್ ಷಾನ ಆಳ್ವಿಕೆಯಲ್ಲಿ, 1562ರ ಸುಮಾರಿಗೆ ಕಟ್ಟಿದ ಕೆರೆಯಿದು. ಊರಿಗೆ ಕುಡಿಯುವ ನೀರು ಕೊಟ್ಟದ್ದೂ ಇದೇ. ಸಮುದ್ರ ಮಟ್ಟಕ್ಕಿಂತ 500 ಮೀಟರಿಗೂ ಎತ್ತರದಲ್ಲಿರುವ ಕೆರೆಯಲ್ಲಿ ಹಾಯಿ ಉಬ್ಬುವುದು ಹೇಗೆ? ಅರಬ್ಬಿ ಕಡಲಿನಿಂದ ಎದ್ದು, ಪಶ್ಚಿಮ ಘಟ್ಟ ಹತ್ತಿಳಿದು, ನಮ್ಮ ಬಯಲುಸೀಮೆ ದಾಟಿ ಬರುವ ಮುಂಗಾರು ಗಾಳಿಯಿಂದ. ಸೇಲಿಂಗ್ ವೀಕ್ ಮಳೆಗಾಲದಲ್ಲೇ ನಡೆಯುವ ಗುಟ್ಟು ಇದು.

ಇಲ್ಲಿಯ ಮುಖ್ಯ ದೋಣಿ ‘ಲೇಸರ್’. ಉದ್ದ 4.23 ಮೀಟರ್, ಒಂದೇ ಹಾಯಿ, ಒಬ್ಬನೇ ನಾವಿಕ, ಎಂಜಿನ್ ಇಲ್ಲ. ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದರಲ್ಲಿ ಹಾಯಿಯ ಹಗ್ಗ. ಗಾಳಿ ಜೋರಾದರೆ ಪಾದಗಳನ್ನು ಪಟ್ಟಿಗೆ ಸಿಕ್ಕಿಸಿ, ಬೆನ್ನು ನೀರಿಗೆ ತಾಗುವಷ್ಟು ಹೊರಗೆ ಬಾಗಬೇಕು. ಗಾಳಿಗೆದುರಾಗಿ ನೇರ ಹೋಗಲಾಗದು, ಅಂಕುಡೊಂಕಾಗಿಯೇ ಸಾಗಬೇಕು. ದೋಣಿ ಮಗುಚಿದರೂ ಗಾಬರಿಯಿಲ್ಲ, ತಳದಿಂದ ಚಾಚಿದ ಹಲಗೆಯ ಮೇಲೆ ನಿಂತು ಜಗ್ಗಿದರೆ ಮತ್ತೆ ಎದ್ದು ನಿಲ್ಲುತ್ತದೆ.

ಸ್ಪರ್ಧೆ ನಡೆಸುವುದರಲ್ಲಿ ಸೇನೆಯ ಇಎಂಇ ಸೇಲಿಂಗ್ ಅಸೋಸಿಯೇಷನ್ ಮುಂದು. 2009ರಲ್ಲಿ ಶುರುವಾದ ಯಾಟ್ ಕ್ಲಬ್ ಆಫ್ ಹೈದರಾಬಾದ್ ಬಡ ಕುಟುಂಬದ ಮಕ್ಕಳಿಗೂ ಹಾಯಿ ಹಿಡಿಯಲು ಕಲಿಸುತ್ತಿದೆ. ಚಿಕ್ಕವರ ದೋಣಿ ‘ಆಪ್ಟಿಮಿಸ್ಟ್’ನ ಉದ್ದ 2.3 ಮೀಟರ್ ಅಷ್ಟೆ. ಹೀಗೆ ಬಡವರ ಮಕ್ಕಳೂ ಕಲಿಯುವುದರಿಂದ ಹಾಯಿದೋಣಿ ಸಿರಿವಂತರ ಆಟವಾಗಿ ಮಾತ್ರ ಉಳಿದಿಲ್ಲ.

ಗಾಳಿ ದೂರದ್ದಾದರೆ ನೀರು ನೆರೆಮನೆಯದು. ಕೆರೆಗೆ ಬರುವ ನಾಲ್ಕು ನಾಲೆಗಳಲ್ಲಿ ದೊಡ್ಡದು ಕೂಕಟ್‌ಪಲ್ಲಿಯದು. ಬಡಾವಣೆಗಳ ಕೊಳಚೆಯ ಜತೆಗೆ ಬಾಲಾನಗರ, ಜೀಡಿಮೆಟ್ಲ ಕೈಗಾರಿಕಾ ಪ್ರದೇಶಗಳ ತ್ಯಾಜ್ಯವನ್ನೂ ಅದು ದಶಕಗಳ ಕಾಲ ಹೊತ್ತು ತಂದಿದೆ. ಈಗ ಕೊಳಚೆಯನ್ನು ತಡೆದು ಬೇರೆಡೆಗೆ ತಿರುಗಿಸುವ ವ್ಯವಸ್ಥೆ ಇದೆ. ಆದರೆ ಜೋರು ಮಳೆ ಬಿದ್ದಾಗ ಉಕ್ಕಿದ ನೀರು ಕೆರೆಯ ದಾರಿಯನ್ನೇ ಹಿಡಿಯುತ್ತದೆ. ದೋಣಿಗಳಿಗೆ ಗಾಳಿ ತರುವ ಮುಂಗಾರೇ ಕಸವನ್ನೂ ತರುತ್ತದೆ.

ನೋಡಬೇಕೆನ್ನುವವರು ಕೂಕಟ್‌ಪಲ್ಲಿಯಲ್ಲಿ ಮೆಟ್ರೊ ಹತ್ತಿ, ರೈಲು ಬದಲಿಸದೆ ಖೈರತಾಬಾದಿನಲ್ಲಿ ಇಳಿಯಬಹುದು. ಕೆರೆಯ ದಂಡೆಯ ನೆಕ್ಲೆಸ್ ರಸ್ತೆ ಅಲ್ಲಿಂದ ಹತ್ತಿರ. ಕೆರೆಯ ಏರಿಯಾದ ಟ್ಯಾಂಕ್ ಬಂಡ್ ಮೇಲಿಂದಲೂ ಹಾಯಿಗಳು ಕಾಣುತ್ತವೆ. ಒಮ್ಮೆ ನೋಡಿ ಬಂದವರು ಮನೆ ಮುಂದಿನ ಚರಂಡಿಗೆ ಪ್ಲಾಸ್ಟಿಕ್ ಎಸೆಯದಿದ್ದರೆ, ಈ ಜಾತ್ರೆಗೆ ಅದಕ್ಕಿಂತ ದೊಡ್ಡ ಕಾಣಿಕೆ ಬೇಕಿಲ್ಲ.