‘ಗೂರ್ಜರ-ಪ್ರತೀಹಾರ’ ಎಂಬ ಸಮಾಸವನ್ನು ಕುರಿತು

ಕ್ರಿ. ಶ. 9ನೆಯ ಶತಮಾನದಲ್ಲಿ ಕನೌಜನ್ನು ರಾಜಧಾನಿಯನ್ನಾಗಿ ಮಾಡಿಕೊಂಡು ಉತ್ತರಾಪಥವನ್ನಾಳಿದ ಮಿಹಿರಭೋಜನು ಯಾವ ಕುಲದವನು? ಈ ಪ್ರಶ್ನೆಯು ಪಂಡಿತರ ಗೋಷ್ಠಿಯನ್ನು ದಾಟಿ ಬೀದಿಗಿಳಿದು ಬಹುಕಾಲವಾಗಿಲ್ಲ. 2021ರಲ್ಲಿ ಗ್ವಾಲಿಯರ್ ನಗರದಲ್ಲಿಯೂ ಉತ್ತರ ಪ್ರದೇಶದ ದಾದ್ರಿಯಲ್ಲಿಯೂ ಆತನ ಪ್ರತಿಮೆಗಳು ಅನಾವರಣಗೊಂಡಾಗ, ಫಲಕದ ಮೇಲೆ ‘ಗುರ್ಜರ’ ಎಂಬ ವಿಶೇಷಣವಿರಬೇಕೆ ಬೇಡವೆ ಎಂದು ವಿವಾದವೆದ್ದಿತು. ಗುಜ್ಜರರು ಆತನನ್ನು ತಮ್ಮ ಪೂರ್ವಜನೆಂದರು, ರಜಪೂತರು ತಮ್ಮವನೆಂದರು. ಗ್ವಾಲಿಯರಿನ ವ್ಯಾಜ್ಯವು ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ನಮ್ಮ ಪಠ್ಯಪುಸ್ತಕಗಳಾದರೋ ‘ಗೂರ್ಜರ-ಪ್ರತೀಹಾರ’ ಎಂಬ ಸಮಾಸವನ್ನು ಸಿದ್ಧವಸ್ತುವಿನಂತೆ ವಿದ್ಯಾರ್ಥಿಯ ಕೈಗಿಟ್ಟು ಸುಮ್ಮನಾಗುತ್ತವೆ. ಆ ಸಮಾಸವನ್ನು ಬಿಡಿಸಿ ನೋಡುವುದೇ ಪ್ರಕೃತ ಲೇಖನದ ಉದ್ದೇಶ.

ಈ ಚರ್ಚೆಯಲ್ಲಿ ಕನ್ನಡನಾಡಿನ ಸಾಕ್ಷ್ಯಕ್ಕೆ ಅನಿರೀಕ್ಷಿತವಾದ ತೂಕವುಂಟು. 634ರ ಐಹೊಳೆಯ ಶಾಸನವು ಎರಡನೆಯ ಪುಲಕೇಶಿಗೆ ಮಣಿದವರಲ್ಲಿ ಲಾಟ, ಮಾಳವರೊಡನೆ ಗೂರ್ಜರರನ್ನೂ ಎಣಿಸುತ್ತದೆ. ರಾಷ್ಟ್ರಕೂಟ ಅಮೋಘವರ್ಷನ 871ರ ಸಂಜಾನ್ ತಾಮ್ರಪಟವು, ದಂತಿದುರ್ಗನು ಉಜ್ಜಯಿನಿಯಲ್ಲಿ ಹಿರಣ್ಯಗರ್ಭ ದಾನವನ್ನು ಮಾಡಿದಾಗ ಗೂರ್ಜರೇಶನೇ ಮೊದಲಾದವರು ಬಾಗಿಲು ಕಾಯ್ದರೆಂದು ಹೇಳಿಕೊಳ್ಳುತ್ತದೆ. ‘ಪ್ರತೀಹಾರ’ವೆಂದರೆ ದ್ವಾರಪಾಲಕ, ಶತ್ರುವಿನ ವಂಶನಾಮವನ್ನೇ ಹಿಡಿದು ಮಾಡಿದ ಈ ಶ್ಲೇಷೆಯನ್ನು ರಚಿಸಿದ ಕವಿಗೆ ನಾವು ನಗುತ್ತಲೇ ಮೆಚ್ಚುಗೆ ಸಲ್ಲಿಸಬೇಕು. ಇನ್ನು ಪಂಪನು 941ರ ವಿಕ್ರಮಾರ್ಜುನ ವಿಜಯದಲ್ಲಿ, ಅರಿಕೇಸರಿಯ ತಂದೆಯಾದ ನರಸಿಂಹನ ಪರಾಕ್ರಮವನ್ನು ವರ್ಣಿಸುವಾಗ ಗೂರ್ಜರರಾಜನ ಸೇನೆಯ ಸೋಲನ್ನೂ ಮಹೀಪಾಲನ ಪಲಾಯನವನ್ನೂ ಹೇಳುತ್ತಾನೆ. ಇವರಿಬ್ಬರೂ ಒಬ್ಬನೇ ಎಂದು ಹಿಡಿದ ವಿದ್ವಾಂಸರು, ಕನೌಜಿನ ಪ್ರತೀಹಾರರು ಗೂರ್ಜರರೆಂಬುದಕ್ಕೆ ನಮ್ಮ ಆದಿಕವಿಯನ್ನೇ ಸಾಕ್ಷಿಯಾಗಿ ನಿಲ್ಲಿಸಿದರು.

ಆದರೆ ಇವೆಲ್ಲ ಎದುರಾಳಿಗಳ ಮಾತು. ಪ್ರತೀಹಾರರು ತಮ್ಮನ್ನು ತಾವು ಏನೆಂದು ಕರೆದುಕೊಂಡರು? ಭೋಜನದೇ ಆದ ಗ್ವಾಲಿಯರ್ ಪ್ರಶಸ್ತಿಯಲ್ಲಿ ‘ಗೂರ್ಜರ’ ಎಂಬ ಕುಲನಾಮವೇ ಇಲ್ಲ. ಅಣ್ಣನಾದ ರಾಮನಿಗೆ ದ್ವಾರಪಾಲಕನಾಗಿ ನಿಂತ ಲಕ್ಷ್ಮಣನೇ ತಮ್ಮ ಮೂಲಪುರುಷನೆಂದು ಅದು ಸೂರ್ಯವಂಶವನ್ನು ಘೋಷಿಸುತ್ತದೆ. ಮಂಡೋರದ ಶಾಖೆಗೆ ಸೇರಿದ ಬಾಉಕನ 837ರ ಜೋಧಪುರ ಶಾಸನವು ಬೇರೊಂದು ದಾರಿ ಹಿಡಿದು, ಹರಿಚಂದ್ರನೆಂಬ ಬ್ರಾಹ್ಮಣನಿಗೆ ಕ್ಷತ್ರಿಯ ಪತ್ನಿಯಲ್ಲಿ ಜನಿಸಿದವರು ತಾವೆನ್ನುತ್ತದೆ. ಅರ್ಬುದ ಪರ್ವತದಲ್ಲಿ ವಸಿಷ್ಠನ ಅಗ್ನಿಕುಂಡದಿಂದ ಪ್ರತೀಹಾರ, ಪರಮಾರ, ಚೌಲುಕ್ಯ, ಚಾಹಮಾನ ಎಂಬ ನಾಲ್ಕು ಕುಲಗಳು ಉದ್ಭವಿಸಿದವೆಂಬ ಪ್ರಸಿದ್ಧ ಕಥೆಯ ಸುಳಿವು ಈ ಎರಡರಲ್ಲಿಯೂ ಇಲ್ಲ. 11ನೆಯ ಶತಮಾನದ ಆದಿಯಲ್ಲಿ ಪದ್ಮಗುಪ್ತನು ನವಸಾಹಸಾಂಕಚರಿತದಲ್ಲಿ ಅಗ್ನಿಜನ್ಮವನ್ನು ಪರಮಾರರಿಗೆ ಮಾತ್ರ ಹೇಳಿದ್ದಾನೆ. ಅದು ನಾಲ್ವರ ಪಾಲಾದದ್ದು ಚಾರಣ ಭಟ್ಟರ ಪರಂಪರೆಯಲ್ಲಿ. ಅದನ್ನು ಇತಿಹಾಸವೆಂದು ಪಾಶ್ಚಾತ್ಯರಿಗೆ ಪರಿಚಯಿಸಿದವನು, 1829 ಮತ್ತು 1832ರಲ್ಲಿ ಎರಡು ಸಂಪುಟಗಳ ಗ್ರಂಥವನ್ನು ಹೊರತಂದ ಜೇಮ್ಸ್ ಟಾಡ್. ರಜಪೂತರಲ್ಲಿ ಶಕರ ರಕ್ತವನ್ನು ಕಂಡವನೂ ಆತನೇ.

ಇಲ್ಲಿಂದ ವಾದವು ಉಗ್ರವಾಯಿತು. ದೇವದತ್ತ ರಾಮಕೃಷ್ಣ ಭಂಡಾರಕರರು 1911ರಲ್ಲಿ, ಗೂರ್ಜರರು ಹೂಣರೊಡನೆ ಬಂದ ವಿದೇಶೀಯರೆಂದೂ ಪ್ರತೀಹಾರರು ಅವರ ಸಂತತಿಯೆಂದೂ ವಾದಿಸಿದರು. ಚಿಂತಾಮಣಿ ವಿನಾಯಕ ವೈದ್ಯರೂ ಗೌರೀಶಂಕರ ಹೀರಾಚಂದ ಓಝಾರವರೂ ಇದನ್ನು ಖಂಡಿಸಿ ರಜಪೂತರು ವೈದಿಕ ಕ್ಷತ್ರಿಯರೇ ಎಂದರು. ಕನ್ಹಯ್ಯಾಲಾಲ್ ಮುನ್ಷಿಯವರು ‘ಗೂರ್ಜರ’ವೆಂಬುದು ದೇಶನಾಮವೇ ಹೊರತು ಕುಲನಾಮವಲ್ಲವೆಂದು ಸಾಧಿಸಿದರು. ಈ ಕೊನೆಯ ಪಕ್ಷದಲ್ಲಿ ಬಲವಿಲ್ಲದೆ ಇಲ್ಲ. ಅಣಹಿಲವಾಡದ ಚೌಲುಕ್ಯರನ್ನೂ ಗೂರ್ಜರರಾಜರೆಂದೇ ಕರೆದರು. ತುಳುವ ವಂಶದ ಕೃಷ್ಣದೇವರಾಯನು ಕನ್ನಡರಾಜ್ಯ ರಮಾರಮಣನೆನಿಸಿದ್ದನ್ನು ಬಲ್ಲ ನಮಗೆ, ನಾಡಿನ ಹೆಸರು ಅರಸನಿಗೆ ಅಂಟುವುದು ಹೊಸತೇನೂ ಅಲ್ಲ. ಪಂಪನ ಮಾತನ್ನೂ ಹೀಗೆಯೇ ಅರ್ಥೈಸಬಹುದು. ಆದುದರಿಂದ ಆತನನ್ನು ಒಂದು ಪಕ್ಷದ ಸಾಕ್ಷಿಯಾಗಿ ಎಳೆದು ತರುವುದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ.

ಆದರೂ ದೇಶವಾಚಕವೆಂದು ಹೇಳಿಬಿಟ್ಟರೆ ಎಲ್ಲವೂ ಮುಗಿಯುವುದಿಲ್ಲ. ಅಲ್ವರ್ ಪ್ರಾಂತದ ರಾಜೋರಿನಲ್ಲಿ ದೊರೆತ, ವಿಕ್ರಮ ಸಂವತ್ 1016ರ ಶಿಲಾಶಾಸನವೊಂದಿದೆ. ಅದನ್ನು ಹಾಕಿಸಿದ ಮಥನದೇವನು ಕನೌಜಿನ ಸಾಮಂತ. ಆತನು ತನ್ನನ್ನು ‘ಗೂರ್ಜರಪ್ರತೀಹಾರಾನ್ವಯ’ದವನೆಂದು ತಾನೇ ಹೇಳಿಕೊಂಡಿದ್ದಾನೆ, ಇದು ಶತ್ರುವಿನ ಬಾಯಿಮಾತಲ್ಲ. ಅಷ್ಟೇ ಅಲ್ಲ, ದಾನವಾಗಿ ಕೊಟ್ಟ ಊರಿನ ವಿವರದಲ್ಲಿ ಗೂರ್ಜರರು ಉಳುವ ಹೊಲಗಳ ಪ್ರಸ್ತಾಪವೂ ಬರುತ್ತದೆ. ಒಂದೇ ಕಲ್ಲಿನಲ್ಲಿ, ಒಂದೇ ಹೆಸರಿನಲ್ಲಿ, ಒಬ್ಬನು ದಾನ ಕೊಡುವ ಒಡೆಯ. ಇನ್ನೊಬ್ಬನು ನೇಗಿಲು ಹಿಡಿದ ಒಕ್ಕಲಿಗ! ಹೊಲವನ್ನು ಉಳುವವರನ್ನು ಕುರಿತ ಈ ಮಾತಿಗೆ ದೇಶವಾಚಕವಾದ ಅರ್ಥವನ್ನು ಹೊಂದಿಸುವುದು ಕಷ್ಟ.

ಬ್ರಜದುಲಾಲ್ ಚಟ್ಟೋಪಾಧ್ಯಾಯರು 1976ರ ತಮ್ಮ ಪ್ರಬಂಧದಲ್ಲಿ ಪ್ರಶ್ನೆಯನ್ನೇ ಬದಲಾಯಿಸಿದುದು ಇಂಥ ಆಧಾರಗಳ ಬಲದಿಂದ. ರಜಪೂತರು ಎಲ್ಲಿಂದ ಬಂದರು ಎಂಬುದಕ್ಕಿಂತ, ಪಶ್ಚಿಮ ಭಾರತದಲ್ಲಿ ಹೊಸ ನೆಲ ಸಾಗುವಳಿಗೆ ಬಂದು, ಕೋಟೆಗಳೆದ್ದು, ವಿವಾಹಸಂಬಂಧಗಳು ಬೆಳೆದು, ಸ್ಥಳೀಯ ಗುಂಪುಗಳಲ್ಲಿ ಕೆಲವು ಹೇಗೆ ರಜಪೂತರಾದವು ಎಂಬುದನ್ನು ಅವರು ವಿಚಾರಿಸಿದರು. ಅಧಿಕಾರ ದೊರೆತ ಬಳಿಕ ವಂಶಾವಳಿ ಸಿದ್ಧವಾಗುತ್ತಿತ್ತು. ಈ ದೃಷ್ಟಿಯಿಂದ ಲಕ್ಷ್ಮಣನ ಕಥೆಯೂ ಹರಿಚಂದ್ರನ ಕಥೆಯೂ ಕೇವಲ ಸುಳ್ಳಲ್ಲ. ಏರಿದವರು ತಾವು ಏರಿದ ಎತ್ತರವನ್ನು ಹೇಳಿಕೊಂಡ ರೀತಿ. ಒಂದೇ ಮೂಲದಿಂದ ಕೆಲವರು ಸಿಂಹಾಸನಕ್ಕೇರಿ ಉಳಿದವರು ಹೊಲದಲ್ಲಿಯೇ ಉಳಿದಿದ್ದರೆ, ಫಲಕದ ಎರಡು ಪಕ್ಷದವರೂ ಪರಸ್ಪರ ಅಲ್ಲಗಳೆಯುತ್ತಿರುವುದು ತಮ್ಮ ದಾಯಾದಿಗಳನ್ನೇ ಇರಬಹುದು. ರಾಜೋರಿನ ಶಾಸನವು ಒಡೆಯನ ವಂಶವನ್ನೂ ತಂದೆಯ ಹೆಸರನ್ನೂ ತಪ್ಪದೆ ಕೊಡುತ್ತದೆ. ಹೊಲ ಉತ್ತವರನ್ನು ಜಾತಿಯ ಹೆಸರಿನಿಂದ ಮಾತ್ರ ಗುರುತಿಸಿ ಮುಂದಿನ ಸಾಲಿಗೆ ಹೋಗುತ್ತದೆ.